ಹದಿಮೂರು ಓಮ್ ಒತ್ತುವರಿ

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟರಾಗಿ ಬಂದಾಗ ವಿದ್ಯುತ್ತಿನ ಸೂತ್ರಗಳೆಲ್ಲ ನಾಲಗೆಯ ತುದಿಯಲ್ಲಿದ್ದವು. ವಿದ್ಯುತ್ತಿನ ಜೊತೆ ಸಂಸಾರ ಮಾಡಿ ಮಾತ್ರ ಗೊತ್ತಿರಲಿಲ್ಲ. ಸೊರಬದ ನಮ್ಮ ಮನೆಗೆ ಇನ್ನೂ ಲೈನು ಬಂದಿರಲಿಲ್ಲ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ವ್ಯಾಟು ಎಂದು ಸೀಮೆಎಣ್ಣೆ ಬುಡ್ಡಿಯ ಮುಂದೆ ಕೂತು ಬಾಯಿಪಾಠ ಮಾಡಿದವನು ನಾನು.

ಬಾಡಿಗೆಗೆ ಸಿಕ್ಕಿದ್ದು ಭೂದಾಖಲೆಯ ಗುಮಾಸ್ತರೊಬ್ಬರ ಮನೆಯ ಮುಂದಿನ ಕೋಣೆ. ಪಹಣಿ ಬರೆದೂ ಬರೆದೂ ಅವರ ಕಣ್ಣಿಗೆ ಜಗತ್ತಿನಲ್ಲಿ ಎರಡೇ ಬಗೆಯ ಜನ ಕಾಣುತ್ತಿದ್ದರು: ಹಕ್ಕುದಾರರು ಮತ್ತು ಒತ್ತುವರಿ ಮಾಡಿದವರು. ಅವರ ಹೆಂಡತಿ ನಮ್ಮ ಸೊರಬದ ಕಡೆಯವರು. ಸೌದೆಯ ಹೊಗೆಗೆ ಆಕೆಯ ಕಣ್ಣು ಕೆಡುತ್ತ ಬಂದದ್ದರಿಂದ ಗುಮಾಸ್ತರು ಒಂದು ಕರೆಂಟ್ ಒಲೆ ತಂದಿದ್ದರು. ಬಿಳಿ ಬಿಲ್ಲೆಯ ಗೀರಿನೊಳಗೆ ಸುರುಳಿ ತಂತಿ ಕೂತು ಕೆಂಪಗೆ ಕಾಯುತ್ತಿತ್ತಲ್ಲ, ಅಂಥದು. ಅನ್ನ, ಸಾರು, ನನ್ನ ಬೆಳಗಿನ ಕಾಫಿ ಎಲ್ಲವೂ ಅದರ ಮೇಲೆಯೇ.

ನಾನು ಹೋದ ಕೆಲವು ತಿಂಗಳಿಗೆ ಬೆಳಿಗ್ಗೆ ಬೆಳಿಗ್ಗೆಯೇ ಮನೆಯ ಫ್ಯೂಸ್ ಹೋಗತೊಡಗಿತು. ಗುಮಾಸ್ತರು ತನಿಖೆಯಿಲ್ಲದೆ ತೀರ್ಪು ಕೊಟ್ಟರು.

"ನೀವು ಬಂದ ಮ್ಯಾಲೇ ಇದು ಸುರು ಆಗೈತಿ ಮೇಷ್ಟ್ರೆ. ನಿಮ್ಮ ಆ ಟೇಬಲ್ ದೀಪಾನೇ ಕರೆಂಟ್ ಎಳಿತೈತಿ."

ನನಗೆ ಸಿಟ್ಟು ನೆತ್ತಿಗೇರಿತು. ಕಾಲು ಆಂಪಿಯರ್ ಕುಡಿಯುವ ಬಡಪಾಯಿ ದೀಪ ಐದು ಆಂಪಿಯರಿನ ಫ್ಯೂಸನ್ನು ಸುಡುವುದೇ? ಕಳ್ಳ ಒಲೆಯೊಳಗಿದ್ದಾನೆ ಎಂದೆ.

"ರುಜುವಾತು ಮಾಡ್ರಿ. ಒಲೆದೇ ತಪ್ಪಂದ್ರೆ ಅದನ್ನ ಅಟ್ಟಕ್ಕೆ ಹಾಕ್ತೀನಿ" ಎಂದರು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಒಲೆ ಅಟ್ಟ ಸೇರಿದರೆ ಆಕೆಗೆ ಮತ್ತೆ ಊದುಗೊಳವೆಯೇ ಗತಿ ಎಂಬುದು ನನಗೆ ಹೊಳೆಯದೆ ಇರಲಿಲ್ಲ. ಆದರೆ ಹೊಸ ಮೇಷ್ಟರ ಮಾನದ ಪ್ರಶ್ನೆ ನೋಡಿ.

"ಒಲೆಗೆ ಏನಾಗಿದೆ ಮಾರಾಯ್ರೆ? ತಂದಾಗಿನಕ್ಕಿಂತ ಈಗಲೇ ಚುರುಕು" ಎಂದು ಆಕೆ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು.

ಶಾಲೆಯ ಮೀಟರುಗಳು ಬ್ಯಾಟರಿಗೆ ಮಾತ್ರ ಆಗುವಂಥವು. ಹಾಗಾಗಿ ಭಾನುವಾರ ಅಕ್ಕಿ ಗಿರಣಿಯ ಮೆಕ್ಯಾನಿಕ್ಕನನ್ನು ಕಾಡಿ ಬೇಡಿ ಎರಡು ಮೀಟರು ತಂದೆ. ಒಲೆ ಹಚ್ಚಿ, ಫ್ಯೂಸ್ ಹೋಗುವ ಮೊದಲೇ ಮುಳ್ಳುಗಳನ್ನು ನೋಡಿಕೊಂಡೆ: ಇನ್ನೂರ ಇಪ್ಪತ್ತು ವೋಲ್ಟ್, ಐದೂವರೆ ಆಂಪಿಯರ್. ನೆಲದ ಮೇಲೆ ಸೀಮೆಸುಣ್ಣದಲ್ಲಿ ಭಾಗಿಸಿದೆ, ರೋಧ ನಲವತ್ತು ಓಮ್. ಗುಣಿಸಿದೆ, ಸಾವಿರದ ಇನ್ನೂರ ಹತ್ತು ವ್ಯಾಟ್. ಒಲೆಯ ತಗಡಿನ ಮೇಲೆ ಅಚ್ಚಾಗಿದ್ದದ್ದು ಇನ್ನೂರ ಮೂವತ್ತು ವೋಲ್ಟ್, ಸಾವಿರ ವ್ಯಾಟ್. ಆ ಲೆಕ್ಕಕ್ಕೆ ರೋಧ ಐವತ್ತಮೂರು ಇರಬೇಕಿತ್ತು.

"ರೋಧ ಕಮ್ಮಿಯಾಗಿದೆ" ಎಂದು ಘೋಷಿಸಿದೆ.

"ವಿರೋಧ ಕಮ್ಮಿ ಆದ್ರೆ ಒಳ್ಳೇದೇ ಅಲ್ದಾ?" ಎಂದರು ಆಕೆ. "ಈ ಮನೇಲಿ ಒಲೆಯಾದ್ರೂ ನನ್ನ ಮಾತು ಕೇಳ್ತದೆ."

ವಿರೋಧವಲ್ಲ, ರೋಧ ಎಂದು ತಿದ್ದಿದೆ. ತಂತಿ ಗಿಡ್ಡವಾದರೆ ರೋಧ ಇಳಿಯುತ್ತದೆ, ಕರೆಂಟ್ ಹೆಚ್ಚು ನುಗ್ಗುತ್ತದೆ, ಕಾವೂ ಏರುತ್ತದೆ. ಆ ಚುರುಕೇ ರೋಗ ಎಂದು ವಿವರಿಸಿದೆ. ಗುಮಾಸ್ತರಿಗೆ ಇದು ತಟ್ಟನೆ ಅರ್ಥವಾಯಿತು, ಅವರದೇ ರೀತಿಯಲ್ಲಿ.

"ದಾಖಲೆಯಾಗ ಐವತ್ಮೂರು, ಸ್ಥಳದಾಗ ನಲವತ್ತು. ಹದಿಮೂರು ಒತ್ತುವರಿ ಆಗೈತಿ. ಯಾರ್ ಮಾಡಿದ್ದು?"

ನಾನು ಗತ್ತಿನಿಂದ ಸುರುಳಿಯಲ್ಲಿದ್ದ ಗಂಟುಗಳನ್ನು ಒಂದೊಂದಾಗಿ ತೋರಿಸಿದೆ. ಆರು ಗಂಟು. ಕಡಿದಾಗಲೆಲ್ಲ ಯಾರೋ ಸುಟ್ಟ ತುದಿಗಳನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಎಳೆದು ಹೊಸೆದಿದ್ದರು.

ಆಕೆ ಒಳಗೆ ಹೋಗಿ ಒಂದು ಏಲಕ್ಕಿ ಡಬ್ಬಿ ತಂದು ಗಂಡನ ಮುಂದಿಟ್ಟರು. ಒಳಗೆ ತಂತಿಯ ತುಂಡುಗಳು. ಕದ್ದುಮುಚ್ಚಿ ಮಾಡಿದ ಕೆಲಸದಲ್ಲೂ ಏನನ್ನೂ ಬಿಸಾಡಲು ಮನಸ್ಸು ಬರದ ಹೆಂಗಸು.

"ನಂಗೊಂದು ಮಾತು ಹೇಳಬಾರ್ದಿತ್ತಾ?" ಎಂದರು ಗುಮಾಸ್ತರು.

"ಹೇಳಿದ್ರೆ ಅಟ್ಟಕ್ಕೆ ಹಾಕ್ತಿದ್ರಿ. ಮತ್ತೆ ಊದುಗೊಳವೆ ಹಿಡೀಬೇಕಾಗ್ತಿತ್ತು."

ಅಟ್ಟದ ಆ ಮಾತನ್ನು ತಾವು ಆಗಲೇ ಆಡಿಯಾಗಿತ್ತೆಂದು ಗುಮಾಸ್ತರಿಗೆ ನೆನಪಾಗಿರಬೇಕು. ತಲೆ ತಗ್ಗಿಸಿದರು. ನಾನು ಗೆದ್ದಿದ್ದೆ, ಲೆಕ್ಕದಲ್ಲಿ ಕೂದಲೆಳೆಯ ತಪ್ಪಿರಲಿಲ್ಲ. ಗೆದ್ದು ಅಷ್ಟು ನಾಚಿಕೆಪಟ್ಟದ್ದು ಅದೇ ಮೊದಲು. ನೆಲದ ಮೇಲಿನ ಅಂಕಿಗಳನ್ನು ಕಾಲಿನಿಂದ ಒರೆಸುತ್ತ, ಹೊಸ ಸುರುಳಿ ಹಾಕಿದರೆ ಫ್ಯೂಸಿಗೂ ಒಲೆಗೂ ರಾಜಿಯಾಗುತ್ತದೆ ಎಂದು ಗೊಣಗಿದೆ.

ಮಾರನೆಯ ದಿನ ಗುಮಾಸ್ತರು ರಜೆ ಹಾಕಿ ಶಿವಮೊಗ್ಗದ ಬಸ್ಸು ಹತ್ತಿದರು. ಸಂಜೆ ಬಂದವರೇ ಬಿಲ್ಲೆಯ ಗೀರಿನೊಳಗೆ ಹೊಸ ಸುರುಳಿ ಕೂರಿಸಲು ನನ್ನನ್ನೇ ಕರೆದರು. ಹಾಲು ಉಕ್ಕಲು ಮೊದಲಿಗಿಂತ ತಡವಾಯಿತು. ಫ್ಯೂಸ್ ಮಾತ್ರ ಅಲ್ಲಾಡಲಿಲ್ಲ.

ಅವರು ತಂದದ್ದು ಒಂದಲ್ಲ, ಎರಡು ಸುರುಳಿ. ಏಲಕ್ಕಿ ಡಬ್ಬಿಯ ತುಂಡುಗಳನ್ನು ಸುರಿದು, ಎರಡನೆಯದನ್ನು ಅದರೊಳಗಿಟ್ಟು ಹೆಂಡತಿಯ ಕೈಗೆ ಕೊಟ್ಟರು.

"ಕಡಿದ್ರೆ ಗಂಟು ಹಾಕಬ್ಯಾಡ. ನಂಗೆ ಹೇಳು."

ಆಕೆ ಡಬ್ಬಿಯ ಮುಚ್ಚಳ ಹಾಕಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಡುಗೆಮನೆಯಲ್ಲಿ ಆಗ ಹೊಗೆ ಇರಲಿಲ್ಲ.