ಕರಿಬಸಮ್ಮನ ಸೋಬಾನೆ ಕ್ಯಾಸೆಟ್ಟು

ಕರಿಬಸಮ್ಮನಿಗೆ ಇನ್ನೂರಕ್ಕೂ ಹೆಚ್ಚು ಸೋಬಾನೆ ಹಾಡು ಬರುತ್ತಿದ್ದವು. ಎಲ್ಲವೂ ತಾಯಿಯ ಬಾಯಿಂದ ಕಲಿತದ್ದು. ಲಿಂಗದಹಳ್ಳಿ ಕಡೆಯ ತವರಿನಿಂದ ಅಜ್ಜಂಪುರದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದಾಗ ವಾರಗಿತ್ತಿ ದ್ಯಾಮಮ್ಮ ಬೆನ್ನು ಬಿದ್ದಳು. "ನಂಗೂ ಕಲಿಸೇ" ಅಂದಳು. ಕರಿಬಸಮ್ಮ ರಾಗಿ ಬೀಸುತ್ತಾ ಒಂದು ವರ್ಷ ಕಲಿಸಿದಳು. ಆಮೇಲೆ ಇಬ್ಬರೂ ಜೋಡಿಯಾದರು. ಕರಿಬಸಮ್ಮ ಸಾಲು ಎತ್ತಿದರೆ ದ್ಯಾಮಮ್ಮ ಅದರ ಕೊನೆ ಹಿಡಿದು ತಿರುಗಿಸಿ ಹೇಳುತ್ತಿದ್ದಳು. ಕಡೂರಿನಿಂದ ತರೀಕೆರೆವರೆಗೆ ಮದುವೆ ಮನೆಗಳಿಂದ ಕರೆ ಬರುತ್ತಿತ್ತು.

ಎಪ್ಪತ್ತೆರಡರಲ್ಲಿ ಕರಿಬಸಮ್ಮನ ಗಂಡ ಕೆಮ್ಮಣ್ಣುಗುಂಡಿಯ ಕೂಲಿಗೆ ಹೋದವನು ಜ್ವರ ಹೊತ್ತು ಬಂದ. ಒಂಬತ್ತನೇ ದಿನ ತೀರಿಕೊಂಡ. ಅವಳಿಗಾಗ ಇಪ್ಪತ್ನಾಲ್ಕು. ಬಳೆ ಹೋಯಿತು, ಕುಂಕುಮ ಹೋಯಿತು. ಹಸೆಯ ಮುಂದೆ ಕೂತು ಹಾಡುವುದೂ ಹೋಯಿತು.

ಆದರೆ ದ್ಯಾಮಮ್ಮನಿಗೆ ಅವಳಿಲ್ಲದೆ ಹಾಡು ಸಾಗುತ್ತಿರಲಿಲ್ಲ, ನಡುವೆ ಸಾಲು ಮರೆಯುತ್ತಿತ್ತು. ಹಾಗಾಗಿ ಒಂದು ಏರ್ಪಾಟಾಯಿತು. ದ್ಯಾಮಮ್ಮ ಚಪ್ಪರದಲ್ಲಿ ಕೂತು ಸಾಲು ಎತ್ತುವುದು, ಕರಿಬಸಮ್ಮ ಅಡುಗೆಮನೆ ಬಾಗಿಲ ಹಿಂದೆ ನಿಂತು ಅದನ್ನು ತಿರುಗಿಸುವುದು. ಹನ್ನೆರಡು ವರ್ಷ ಹಾಗೇ ನಡೆಯಿತು. ಆ ವರ್ಷಗಳಲ್ಲೇ ದ್ಯಾಮಮ್ಮನ ಮಗಳು ಕಾಂತಮ್ಮ ಚಿಕ್ಕಮ್ಮನ ಸೆರಗು ಹಿಡಿದು ಬೆಳೆದಳು. ಕರಿಬಸಮ್ಮನಿಗೆ ಮಕ್ಕಳಿರಲಿಲ್ಲ.

ಕಡೂರಿನ ಬಸ್‌ಸ್ಟ್ಯಾಂಡ್ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ರಂಗಪ್ಪ ಒಂದು ಮದುವೆಯಲ್ಲಿ ಅವರ ಹಾಡನ್ನು ಟೇಪ್ ಮಾಡಿಕೊಂಡ. ಅಂಗಡಿಗೆ ಹೋಗಿ ಹಾಕಿ ಕೇಳಿದವನು ಮಾರನೇ ವಾರ ಹಳ್ಳಿಗೇ ಬಂದ.

"ಹಿಂದಿಂದ ಒಂದು ದನಿ ಬರುತ್ತಲ್ಲಮ್ಮ, ಅದು ಯಾರ್ದು?"

ದ್ಯಾಮಮ್ಮ ಒಳಗೆ ಕೈ ತೋರಿಸಿದಳು.

ಎಂಬತ್ನಾಲ್ಕರ ಮಾಘದಲ್ಲಿ ರಂಗಪ್ಪ ಕ್ಯಾಸೆಟ್ಟು ಮಾಡಿಸಲು ಇಬ್ಬರನ್ನೂ ರೈಲು ಹತ್ತಿಸಿಕೊಂಡು ಬೆಂಗಳೂರಿಗೆ ಹೋದ. ಗೋಡೆಗೆಲ್ಲ ನಾರಿನ ಚಾಪೆ ಹೊಡೆದ ಕೋಣೆ, ನಡುವೆ ಒಂದೇ ಮೈಕು. "ಇಬ್ರೂ ಹತ್ರ ನಿಂತ್ಕೊಳ್ಳಿ" ಅಂದರು. ಭುಜಕ್ಕೆ ಭುಜ ತಾಗಿಸಿ ನಿಂತಾಗ ಕರಿಬಸಮ್ಮನ ಕಣ್ಣು ಮಂಜಾಯಿತು. ಇಲ್ಲಿ ಬಾಗಿಲಿಲ್ಲ, ಅವಳ ಬರಿಗೈ ನೋಡುವವರೂ ಇಲ್ಲ. ಹತ್ತು ಹಾಡು ಹೇಳಿದರು. ಎಂಟರಲ್ಲಿ ಸಾಲು ಎತ್ತಿದವಳು ಅವಳೇ. ಹೊರಡುವ ಮುಂಚೆ ಇಬ್ಬರನ್ನೂ ಕೂರಿಸಿ ಫೋಟೋ ತೆಗೆದರು.

ಯುಗಾದಿಗೆ ಕ್ಯಾಸೆಟ್ಟು ಬಂತು. ಮೇಲಿನ ಫೋಟೋದಲ್ಲಿ ದ್ಯಾಮಮ್ಮ ಒಬ್ಬಳೇ, ಮೊಣಕೈವರೆಗೆ ಬಳೆ. ಕೆಳಗೆ 'ದ್ಯಾಮಮ್ಮ ಮತ್ತು ಸಂಗಡಿಗರು' ಎಂದಿತ್ತು. ಕರಿಬಸಮ್ಮನಿಗೆ ಓದು ಬಾರದು. ಓದಿ ಹೇಳಿದವಳು ಕಾಂತಮ್ಮ.

"ಮದುವೆ ಮನೆಯೋರು ಕೊಳ್ಳೋ ಕ್ಯಾಸೆಟ್ಟು ಕಣಮ್ಮ" ಅಂದ ರಂಗಪ್ಪ, ಅವಳ ಮುಖ ನೋಡದೆ. "ಬೋಳು ಹಣೆ ಹಾಕಿದ್ರೆ ಯಾರು ಮುಟ್ತಾರೆ?"

ಅವನು ಹೋದ ಮೇಲೆ ಕರಿಬಸಮ್ಮ ವಾರಗಿತ್ತಿಯನ್ನು ಕೇಳಿದಳು. "ನಿನ್ನ ಕೇಳಿದ್ರಾ?"

"ಕೇಳಿದ್ರು."

"ಏನಂದೆ?"

"ನಿಮ್ಮಿಷ್ಟ ಅಂದೆ. ಇನ್ನೇನನ್ಲಿ?"

ಅವತ್ತಿಂದ ಇಬ್ಬರೂ ಒಂದೇ ಮನೆಯಲ್ಲಿ ಉಪ್ಪು, ಸೌದೆ, ದನದ ವಿಚಾರ ಮಾತ್ರ ಆಡಿದರು. ಹಾಡಲು ಕರೆಯೂ ಕಮ್ಮಿಯಾಯಿತು. ಮೈಕ್‌ಸೆಟ್ಟಿನವರು ಕ್ಯಾಸೆಟ್ಟು ಹಾಕಿದರೆ ಸಾಕಲ್ಲ.

ಎರಡು ವರ್ಷದ ಮೇಲೆ ಕಾಂತಮ್ಮನ ಮದುವೆ, ಅಜ್ಜಂಪುರದ ಛತ್ರದಲ್ಲಿ. ಹುಡುಗಿಯನ್ನು ಹಸೆಗೆ ಕರೆತರುವ ಹೊತ್ತಿಗೆ ಕರಿಬಸಮ್ಮ ಹಿಂದೆ ಕುಂಬಳಕಾಯಿ ಹೆಚ್ಚುತ್ತಿದ್ದಳು. ಹೊರಗೆ ಲೌಡ್‌ಸ್ಪೀಕರಿನಲ್ಲಿ ಅವಳದೇ ದನಿ ಎದ್ದಿತು. ಈಳಿಗೆಮಣೆ ಬಿಟ್ಟು ಎದ್ದಳು. ನೆಟ್ಟಗೆ ಚಪ್ಪರದೊಳಗೆ ನಡೆದು ಮೈಕ್‌ಸೆಟ್ಟಿನ ತಿಮ್ಮಪ್ಪನ ಮುಂದೆ ನಿಂತಳು.

"ಅದನ್ನ ನಿಲ್ಸಪ್ಪ."

"ಅಕ್ಕಾ, ನೀವು ಈ ಕಡೆ ಬರಬಾರ್ದು" ಅಂದ ಅವನು, ಸಂಕೋಚದಿಂದ.

"ಹಾಡ್ತಿರೋದು ನಾನೇ ಕಣಪ್ಪ. ನಾನು ಬರಬಾರ್ದು ಅಂದ್ರೆ ಅದೂ ಬರಬಾರ್ದು."

ಅವನು ನಂಬಲಿಲ್ಲ. ಕರಿಬಸಮ್ಮ ಕ್ಯಾಸೆಟ್ಟಿಗಿಂತ ಒಂದು ಉಸಿರು ಮುಂಚೆ ಮುಂದಿನ ಸಾಲು ಹೇಳಿದಳು. ಹಿಂದೆಯೇ ಅದೇ ದನಿ, ಅದೇ ಎಳೆತ ಪೆಟ್ಟಿಗೆಯಿಂದ ಬಂತು. ತಿಮ್ಮಪ್ಪ ಗುಂಡಿ ಒತ್ತಿ ಹಾಡು ನಿಲ್ಲಿಸಿದ.

ದ್ಯಾಮಮ್ಮನ ಗಂಡ ಬೀರಯ್ಯ ಓಡಿ ಬಂದ. "ಮುಹೂರ್ತದ ಹೊತ್ತಲ್ಲಿ ಏನಮ್ಮ ಇದು? ಒಳಗೆ ನಡಿ" ಅಂದ. ಅವಳು ಬಾಗಿಲವರೆಗೆ ಹೋಗಿ ಅಲ್ಲೇ ನಿಂತಳು. ಹಾಡಿಲ್ಲದೆ ಹೇಗೆ ಎಂದು ಹೆಂಗಸರು ದ್ಯಾಮಮ್ಮನನ್ನು ತಿವಿದರು. ದ್ಯಾಮಮ್ಮ ಒಂದು ಸಾಲು ಎತ್ತಿದಳು, ಕೊನೆಗೆ ಬಂದು ಕಾದಳು. ಬಾಗಿಲ ಕಡೆ ನೋಡಿದಳು. ಕರಿಬಸಮ್ಮ ತುಟಿ ಬಿಚ್ಚಲಿಲ್ಲ. ಹಸೆಯ ಮೇಲೆ ಕಾಂತಮ್ಮ ಅಳುತ್ತಿದ್ದಳು. ಆ ಅಳು ಕರಿಬಸಮ್ಮನಿಗೂ ಕಂಡಿತ್ತು.

ಆ ತಿಂಗಳೇ ಅವಳು ತವರಿಗೆ ಹೋದಳು. ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿದ್ದುಕೊಂಡು ನಾಟಿ, ಕಳೆ ಕೆಲಸಕ್ಕೆ ಹೋಗುತ್ತಿದ್ದಳು. ಗದ್ದೆಯಲ್ಲಿ ಉಳಿದವರು ಹಾಡಿಕೊಂಡರೂ ಇವಳು ಬಾಯಿ ಬಿಡುತ್ತಿರಲಿಲ್ಲ. ರಂಗಪ್ಪ ಎರಡನೇ ಕ್ಯಾಸೆಟ್ಟಿಗೆ ಕರೆಯಲು ಬಂದಾಗ ನೀರು ಕೊಟ್ಟು ಕಳಿಸಿದಳು.

ಎಂಬತ್ತೆಂಟರಲ್ಲಿ ಕಾಂತಮ್ಮ ಬಸುರಿಯಾಗಿ ಹುಡುಕಿಕೊಂಡು ಬಂದಳು. "ಸೀಮಂತಕ್ಕೆ ನೀನೇ ಹಾಡ್ಬೇಕು ಚಿಕ್ಕಮ್ಮ."

"ನಿನ್ನ ಪಕ್ಕದಲ್ಲಿ ಕೂತ್ಕೊಂಡು ಹಾಡ್ಬೋದಾ? ನಿಮ್ಮತ್ತೆ ಒಪ್ಪವ್ರಾ?"

ಕಾಂತಮ್ಮ ತಲೆ ತಗ್ಗಿಸಿದಳು.

"ಬಿಸಿಲಲ್ಲಿ ಬಂದಿದೀಯ" ಅಂದಳು ಕರಿಬಸಮ್ಮ. "ಉಂಡು ಹೋಗು."