ಬಯೋಸ್‌ನೊಳಗಿದ್ದ ಕೈಬರಹ

ಸಿಂಧನೂರಿನ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಮಸ್ಕಿಯ ಗಿರಿಜಮ್ಮ ತೀರಿಹೋದ ಗಂಡನ ಕಂಪ್ಯೂಟರ್ ತಂದಿದ್ದರು. ಆತ ಕೊಂಡಿದ್ದ ಹೊಸ ಪ್ರೊಸೆಸರ್ ಇನ್ನೂ ಡಬ್ಬಿಯಲ್ಲೇ ಇತ್ತು.

"ಇದನ್ನ ಹಾಕಿ ಕೊಡ್ರಿ. ಅವರ ಫೋಟೊ ಸ್ಟುಡಿಯೋ ಇನ್ನ ನಾನ ನಡಸ್ತೀನಿ," ಎಂದರು.

ಹಳೆಯ ಮದರ್‌ಬೋರ್ಡಿಗೆ ಹೊಸ ಪ್ರೊಸೆಸರಿನ ಗುರುತು ಹತ್ತುವುದಿಲ್ಲ. ಅದಕ್ಕೆ ಮೊದಲು ಬೋರ್ಡಿನ ಚಿಪ್‌ನಲ್ಲಿದ್ದು ಕಂಪ್ಯೂಟರನ್ನು ಶುರುಮಾಡುವ ತಂತ್ರಾಂಶವಾದ ಬಯೋಸ್ ಅಪ್‌ಡೇಟ್ ಮಾಡಿ, ಆಮೇಲೆ ಪ್ರೊಸೆಸರ್ ಕೂರಿಸಿದೆ. ಕಂಪ್ಯೂಟರ್ ಚುರುಕಾಗಿ ಶುರುವಾಯಿತು.

"ಶುರು ಆಗೂಮುಂದ ಮೊದಲಿಗೆ ನನ್ನ ಹೆಸರು ಬರ್ತಿತ್ತಲ್ರೀ, ಅವರ ಕೈಬರಹದಾಗ. ಎಲ್ಲಿ ಹೋತು?" ಪರದೆ ನೋಡುತ್ತಿದ್ದ ಗಿರಿಜಮ್ಮ ಕೇಳಿದರು.

ನಾನೂ ಅದನ್ನು ನೋಡಿದ್ದೆ, ಗಮನಿಸಿರಲಿಲ್ಲ. ಆಕೆಯ ಗಂಡ ಅದನ್ನು ಶುರುವಿನ ಚಿತ್ರವಾಗಿ ಬಯೋಸ್‌ನೊಳಗೇ ಸೇರಿಸಿದ್ದ, ಅಪ್‌ಡೇಟ್ ಅಳಿಸಿಹಾಕಿತ್ತು. ಡಿಸ್ಕ್ ಪೂರ್ತಿ ಹುಡುಕಿದರೂ ಇನ್ನೊಂದು ಪ್ರತಿ ಸಿಗಲಿಲ್ಲ.

"ಇರ್ಲಿ ಬಿಡ್ರಿ, ನಿಮಗೇನ ಗೊತ್ತಿತ್ತು," ಎಂದು ಅವರೇ ನನಗೆ ಸಮಾಧಾನ ಹೇಳಿದರು.

ಈಗ ಅಪ್‌ಡೇಟಿಗೆ ಮುಂಚೆ, ಶುರುವಿಗೆ ಏನು ಕಾಣುತ್ತದೆ ಎಂದು ಎಲ್ಲರನ್ನೂ ಕೇಳುತ್ತೇನೆ. ಇವನಿಗೆ ರಿಪೇರಿ ಬರುತ್ತದೋ ಇಲ್ಲವೋ ಎಂಬಂತೆ ನೋಡುತ್ತಾರೆ.