ಬಲೂನ್ ಅತ್ತಿಗೆ ಮತ್ತು ಅಪ್ಪ ಮಾಡಿದ ಬಾಗಿಲು

ನಮ್ಮ ಅತ್ತಿಗೆಯ ಉದ್ಯೋಗ ಬಲೂನ್ ಹಾರಿಸುವುದು. ಮದುವೆಯ ಮಾತುಕತೆಯ ದಿನ ಇದನ್ನು ಕೇಳಿದ ಅಮ್ಮ ಅಣ್ಣನನ್ನು ಅಡುಗೆಮನೆಗೆ ಕರೆದು, "ಹುಡುಗಿ ಚೆನ್ನಾಗಿದಾಳೆ ಕಣೋ. ಆದ್ರೆ ಬಲೂನ್ ಹಾರ್ಸೋರಿಗೆ ಯಾರು ಸಂಬಳ ಕೊಡ್ತಾರೆ? ಅವಳು ನಿನ್ನ ಮುಂದೆ ಹಾರಿಸ್ತಿರೋದು ಬಲೂನಲ್ಲ, ಕಾಗೆ" ಎಂದಳು.

ಸಂಬಳ ಕೊಡುವುದು ಹವಾಮಾನ ಇಲಾಖೆ ಎಂದು ಅಣ್ಣ ಎಷ್ಟು ಹೇಳಿದರೂ ಅಮ್ಮ ಮುಖ ಗಂಟು ಹಾಕಿಕೊಂಡೇ ಮದುವೆ ಮಾಡಿಸಿದಳು. ಆ ಗಂಟು ಬಿಚ್ಚಿದ್ದು ಅತ್ತಿಗೆ ನಮ್ಮ ಮನೆಯಿಂದ ಮೊದಲ ಸಲ ಕೆಲಸಕ್ಕೆ ಹೋಗಿ ಸಂಜೆ ತಿರುಗಿ ಬಂದಾಗ. ಚಪ್ಪಲಿ ಬಿಟ್ಟರು, ಬಾಗಿಲ ಚೌಕಟ್ಟಿನ ಮೇಲೆ ಅಂಗೈ ಊರಿ ಒಂದು ಗಳಿಗೆ ನಿಂತರು, ಆಮೇಲೆ ಒಳಗೆ ಬಂದರು. ಆ ಚೌಕಟ್ಟು ನಮ್ಮಪ್ಪ ಮಾಡಿದ್ದು. ಅಪ್ಪ ಬಡಗಿ. ಊರವರಿಗೆಲ್ಲ ಬಾಗಿಲು ಮಾಡಿಕೊಟ್ಟು, ಕೊನೆಗೆ ತನ್ನ ಮನೆಗೂ ಒಂದು ಮಾಡಿಕೊಂಡು, ಅಣ್ಣನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದ. ಅಮ್ಮ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ನೋಡಿದ್ಯೇನೇ? ಕಣ್ಣಲ್ಲಿ ನೋಡದ ಮಾವನ ಕೈಕೆಲಸಕ್ಕೆ ಎಷ್ಟು ಮರ್ಯಾದೆ. ನೀನೂ ಇದೀಯ, ಧಡಾರಂತ ಬಾಗಿಲು ಬಡಿಯೋಳು."

ಬಡಿಯುತ್ತಿದ್ದೆ, ಸುಳ್ಳಲ್ಲ. ನನ್ನ ಕೆಲಸ ವಿದ್ಯುತ್ ಕಚೇರಿಯ ದೂರಿನ ಕಿಟಕಿಯಲ್ಲಿ. ದಿನವಿಡೀ ಊರವರ ಬೈಗುಳ ತಿಂದವಳು ಸಂಜೆ ಬಾಗಿಲನ್ನಲ್ಲದೆ ಇನ್ನಾರನ್ನು ಬಡಿಯಲಿ? ಮೇಲಾಗಿ ಅತ್ತಿಗೆಯ ಈ ಮರ್ಯಾದೆ ದಿನಾ ನಡೆಯತೊಡಗಿತು, ಅಮ್ಮ ದಿನಾ ಅದನ್ನು ನನಗೆ ತೋರಿಸತೊಡಗಿದಳು. ಒಂದು ಭಾನುವಾರ ಬಟ್ಟೆ ಒಣಹಾಕುವಾಗ ನಾನೇ ಕಾಲು ಕೆರೆದು ಜಗಳಕ್ಕೆ ಹೋದೆ. "ಅತ್ತಿಗೆ, ಅಪ್ಪನ್ನ ನೀವು ನೋಡೇ ಇಲ್ಲ. ಆ ಬಾಗಿಲು ಮುಟ್ಟೋ ನಾಟಕ ಸಾಕು."

ಅತ್ತಿಗೆ ಕಕ್ಕಾಬಿಕ್ಕಿಯಾದರು. "ಬಾಗಿಲಾ? ನಾನು ಮುಟ್ತೀನಾ?"

ಆಮೇಲೆ ವಿಷಯ ಹೊರಬಂತು. ಬಲೂನಿಗೆ ತುಂಬುವುದು ಜಲಜನಕ. ಒಂದು ಕಿಡಿ ಸಿಡಿದರೂ ತುಂಬುವ ಶೆಡ್ಡೇ ಹೊತ್ತಿಕೊಳ್ಳುತ್ತದೆ. ಅದಕ್ಕೇ ಅಲ್ಲಿ ನೈಲಾನ್ ಬಟ್ಟೆ ನಿಷಿದ್ಧ, ಹತ್ತಿಯದೇ ಆಗಬೇಕು. ಮೈಯಲ್ಲಿ ಸೇರಿಕೊಂಡ ವಿದ್ಯುತ್ತು ಭೂಮಿಗೆ ಇಳಿಯಲೆಂದು ಬಾಗಿಲ ಪಕ್ಕ ಒಂದು ತಾಮ್ರದ ಫಲಕವಿದೆ. ಅದರ ಮೇಲೆ ಅಂಗೈ ಊರಿಯೇ ಒಳಗೆ ಕಾಲಿಡಬೇಕು. ಅತ್ತಿಗೆಯ ಕೈಗೆ ಶೆಡ್ಡು ಯಾವುದು, ಮನೆ ಯಾವುದು ಎಂಬ ಭೇದವೇ ಇರಲಿಲ್ಲ.

ನಾನು ಬಿದ್ದು ಬಿದ್ದು ನಕ್ಕೆ. ಆದರೆ ಅವರು, "ಇವತ್ತೇ ಅತ್ತೆಗೆ ಹೇಳಿಬಿಡ್ತೀನಿ" ಎಂದಾಗ ನಗು ನಿಂತಿತು. ಅಮ್ಮ ಸೊಸೆಯನ್ನು ಮೆಚ್ಚಿದ್ದು ಆ ಒಂದು ಕಾರಣಕ್ಕೆ. ಅಪ್ಪನಿಲ್ಲದ ಮನೆಯಲ್ಲಿ ಅಮ್ಮ ಈಗ ಸಂಜೆ ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದದ್ದೂ ಆ ಒಂದು ಗಳಿಗೆಗೆ. "ಬಾಯಿಗೆ ಬೀಗ ಹಾಕ್ಕೊಂಡು ಮುಟ್ತಾ ಇರಿ" ಎಂದೆ. ಅಂದಿನಿಂದ ಅತ್ತಿಗೆ ನಾದಿನಿಯರಾದ ನಾವು ಒಂದೇ ಗುಟ್ಟಿಗೆ ಗಂಟುಬಿದ್ದೆವು.

ಅವರ ಬಲೂನು ಮಕ್ಕಳಾಟದ್ದಲ್ಲ. ಆಳಿಗಿಂತ ಎತ್ತರ, ಕೆಳಗೆ ತೂಗುವ ಬಿಳಿ ಥರ್ಮೊಕೋಲ್ ಡಬ್ಬಿ, ಡಬ್ಬಿಯೊಳಗೆ ಗಾಳಿಯನ್ನು ಹೀರಿ, ಓಝೋನ್ ಅಳೆಯುವ ಔಷಧದ ನೀರಿಗೆ ಬಿಡುವ ಪುಟ್ಟ ಪಂಪು. ಮೋಡ ದಾಟಿ ಓಝೋನ್ ಪದರದೊಳಗೆ ಹೋಗಿ, ಅಲ್ಲಿ ಓಝೋನ್ ಎಷ್ಟಿದೆ ಎಂದು ಕೆಳಗಿನವರಿಗೆ ಹೇಳುತ್ತ ಹೇಳುತ್ತ ಏರಿ, ಊದಿಕೊಂಡು ಒಡೆಯುತ್ತದೆ. ಡಬ್ಬಿ ಪುಟ್ಟ ಛತ್ರಿ ಹಿಡಿದು ಎಲ್ಲೋ ಇಳಿಯುತ್ತದೆ. ಹಾರಿಸುವ ದಿನ ಅತ್ತಿಗೆಗೆ ಹಬ್ಬ. ಸಂಜೆ ಮನೆಗೆ ಬಂದು ಚಹಾ ಹೀರುತ್ತ, "ಇವತ್ತು ಚೆನ್ನಾಗಿ ಹೋಯ್ತು" ಎಂದರೆ ಅಮ್ಮ, ಮೊಮ್ಮಗ ಶಾಲೆಯಿಂದ ಬಂದನೇನೋ ಎಂಬಂತೆ, "ಎಲ್ಲೀವರೆಗೆ ಹೋಯ್ತಂತೆ?" ಎಂದು ಕೇಳುತ್ತಿದ್ದಳು.

ಬೇಸಗೆ ಬಂದರೆ ಸಾಕು, ಪಕ್ಕದ ಮನೆಯ ಇಸ್ತ್ರಿಯವನು ತಗಾದೆ ತೆಗೆಯುತ್ತಿದ್ದ. "ಮೇಡಂ, ನಿಮ್ಮ ಓಝೋನ್ ತೂತು ಮುಚ್ಚಿಸಿ. ವರ್ಷ ವರ್ಷ ಸೆಕೆ ಜಾಸ್ತಿ ಆಗ್ತಿದೆ." ಅತ್ತಿಗೆಗೆ ಸಿಟ್ಟೆಂಬುದು ಬರಬೇಕಲ್ಲ. "ಸೆಕೆಗೆ ಆ ತೂತು ಕಾರಣ ಅಲ್ಲಪ್ಪಾ. ನಾವು ಸುಟ್ಟ ಕಲ್ಲಿದ್ದಲು, ಪೆಟ್ರೋಲು ಕಾರಣ. ಭೂಮಿ ಕಂಬಳಿ ಹೊದ್ದ ಹಾಗಾಗಿದೆ. ಹಳೇ ಫ್ರಿಜ್ಜಿನ ಗ್ಯಾಸು ಅದಕ್ಕೂ ಸೇರ್ಕೊಂಡಿದೆ, ಮೇಲಿನ ಪದರಾನೂ ತಿಂದಿದೆ" ಎಂದು ಪ್ರತಿ ಬೇಸಗೆಯೂ ಹೊಸದಾಗಿ ಹೇಳುತ್ತಿದ್ದರು. ಅವನು ಪ್ರತಿ ಬೇಸಗೆಯೂ ಹೊಸದಾಗಿ ಮರೆಯುತ್ತಿದ್ದ. ನಾನಾಗಿದ್ದರೆ ಇಸ್ತ್ರಿಪೆಟ್ಟಿಗೆ ಕಿತ್ತುಕೊಂಡು ಬರುತ್ತಿದ್ದೆ.

ಮೊದಮೊದಲು ಪದರದ ಸುದ್ದಿ ಒಳ್ಳೆಯದಿರಲಿಲ್ಲ. ಎಲ್ಲ ದೇಶದವರೂ ಆ ಫ್ರಿಜ್ಜಿನ ಗ್ಯಾಸು ಬಿಡುವುದನ್ನು ನಿಲ್ಲಿಸುತ್ತ ಬಂದಮೇಲೆ ಮೆಲ್ಲಗೆ ಬದಲಾಯಿತು. "ಪದರ ಹರಿಯೋದು ನಿಂತಿದೆ. ಹೊಲಿಗೆ ಬೀಳೋಕೆ ನಮ್ಮ ಕಾಲ ಸಾಲದು, ಆದ್ರೆ ಬೀಳುತ್ತೆ" ಎನ್ನುತ್ತಿದ್ದರು. ತಾನು ನೋಡಲಾಗದ ಹೊಲಿಗೆಗಾಗಿ ಇಷ್ಟು ಸಂತೋಷಪಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಸೆಕೆಯ ವಿಷಯದಲ್ಲೂ ಜನ ಹಾಗೇ ಒಟ್ಟಾಗಬಹುದೆಂಬ ನಂಬಿಕೆ ಅವರದು. ನನಗೆ ಅಷ್ಟು ನಂಬಿಕೆಯಿಲ್ಲ, ಆದರೆ ಅವರ ಎದುರು ಹೇಳಲು ಬಾಯಿ ಬರುವುದಿಲ್ಲ.

ಅತ್ತಿಗೆಯ ನಿವೃತ್ತಿ ಹತ್ತಿರ ಬಂತು. ಊಟಕ್ಕೆ ಕೂತಾಗ ಅಮ್ಮ, "ನಿನ್ನ ಕೊನೇ ಬಲೂನ್ ನೋಡೋಕೆ ನಾನೂ ಬರ್ತೀನಿ" ಎಂದಳು. ಅತ್ತಿಗೆ ನನ್ನ ಮುಖ ನೋಡಿದರು, ನಾನು ಅನ್ನದ ತಟ್ಟೆ ನೋಡಿದೆ. ಬಿಸಿಲು, ಮೆಟ್ಟಿಲು, ಮಂಡಿನೋವು ಎಂದು ಏನೇನೋ ಹೇಳಿದೆ. "ನನ್ನನ್ನ ಹೊತ್ಕೊಂಡು ಹೋಗು ಅಂದ್ನಾ?" ಎಂದು ಅಮ್ಮ ಬಾಯಿ ಮುಚ್ಚಿಸಿದಳು.

ಆ ದಿನ ಅಮ್ಮನ ಕೈಹಿಡಿದು ನಾನೇ ಕರೆದುಕೊಂಡು ಹೋದೆ. ಶೆಡ್ಡಿನ ಬಾಗಿಲಲ್ಲಿ ಕಾವಲುಗಾರ ಅಮ್ಮನ ಹತ್ತಿಯ ಬಟ್ಟೆ ನೋಡಿ ತಲೆಯಾಡಿಸಿದ. "ಅಜ್ಜಿ, ಇದರ ಮೇಲೆ ಅಂಗೈ ಇಡಿ."

"ಯಾಕಪ್ಪಾ?"

"ಮೈಯಲ್ಲಿರೋ ಕರೆಂಟು ಇಳೀಲಿ ಅಂತ. ಇಲ್ಲಿ ಎಲ್ಲಾರೂ ಮುಟ್ಟೇ ಒಳಗೆ ಹೋಗೋದು. ನಿಮ್ಮ ಸೊಸೆ ಮುಟ್ಟಿ ಮುಟ್ಟಿ ತಾಮ್ರ ಹೇಗೆ ಹೊಳೀತಿದೆ ನೋಡಿ."

ಅಮ್ಮ ಅಂಗೈ ಇಟ್ಟಳು. ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಕಡೆ ಒಮ್ಮೆ, ಒಳಗೆ ಬೆನ್ನು ಮಾಡಿ ನಿಂತಿದ್ದ ಅತ್ತಿಗೆಯ ಕಡೆ ಒಮ್ಮೆ ನೋಡಿದಳು. ಬಲೂನನ್ನು ಬಯಲಿಗೆ ತಂದರು. ಗಾಳಿಯ ದಿಕ್ಕು ನೋಡಿಕೊಂಡು ಅತ್ತಿಗೆ ನಾಲ್ಕು ಹೆಜ್ಜೆ ಓಡಿ ಡಬ್ಬಿಯನ್ನು ಕೈಬಿಟ್ಟರು. ಅದು ಬಟಾಣಿಯಷ್ಟಾಗಿ ಕಾಣದಾದ ಮೇಲೂ ಅಮ್ಮ ಕತ್ತು ಇಳಿಸಲಿಲ್ಲ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ, ಎಲ್ಲೀವರೆಗೆ ಹೋಯ್ತಂತೆ ಎಂದು ಕೇಳಲೂ ಇಲ್ಲ.

ಮನೆಯ ಮುಂದೆ ಅತ್ತಿಗೆ ಚಪ್ಪಲಿ ಬಿಟ್ಟರು. ಕೈ ತಾನಾಗಿ ಎದ್ದಿತು, ಅರ್ಧಕ್ಕೇ ನಿಂತಿತು.

"ಅತ್ತೆ, ಮಾವನವರ ನೆನಪಿಗೆ ಅಂತ ಮುಟ್ಟಿದ್ದಲ್ಲ. ಶುರುವಿನಿಂದ್ಲೂ ಕೈ ರೂಢಿ. ನೀವು ಬೇರೆ ಥರ ತಿಳ್ಕೊಂಡ್ರಿ, ನಾನು ಸುಮ್ಮನಿದ್ದುಬಿಟ್ಟೆ."

ಅಮ್ಮ ಚೌಕಟ್ಟನ್ನು ನೋಡಿದಳು. ಅಂಗೈ ಊರುವ ಜಾಗದಲ್ಲಿ ಮರ ನುಣುಪಾಗಿ ಕಪ್ಪಾಗಿತ್ತು.

"ಅವರು ಮಾತ್ರ ಪ್ರೀತಿಗೆ ಮುಟ್ತಿದ್ರಾ?" ಎಂದಳು. "ಹೊರಗಿಂದ ಬಂದ್ರೆ ಸಾಕು, ಮರ ಉಬ್ಬಿದೆಯಾ ಅಂತ ಅಲ್ಲೇ ಅಂಗೈ ಇಟ್ಟು ನೋಡೋರು. ಆಮೇಲೆ ನನ್ನ ಮುಖ ನೋಡೋರು. ಅದೂ ಕೈ ರೂಢಿನೇ. ನೀನು ಹಾಗೆ ನಿಂತಾಗೆಲ್ಲ ಅವರೇ ಬಂದ ಹಾಗಾಗ್ತಿತ್ತು ಕಣೇ. ನಾಳೆಯಿಂದ ಕೆಲಸ ಇಲ್ಲ ಅಂತ ಇದನ್ನ ಮಾತ್ರ ನಿಲ್ಲಿಸ್ಬೇಡ."

ಅತ್ತಿಗೆ ಅಂಗೈ ಊರಿದರು. ಅಳುತ್ತಿದ್ದರು, ನಗುತ್ತಲೂ ಇದ್ದರು.

"ಇವಳಿಗೂ ಕಲಿಸು" ಎಂದು ಅಮ್ಮ ನನ್ನತ್ತ ಗದ್ದ ತೋರಿಸಿ ಒಳಗೆ ಹೋದಳು. ಗುಟ್ಟು ಬಚ್ಚಿಟ್ಟ ನನಗೆ ಅಷ್ಟು ಶಿಕ್ಷೆ ಕಡಿಮೆಯೇ. ನಾನು ಅತ್ತಿಗೆಯ ಕೈ ಇದ್ದ ಜಾಗದಲ್ಲಿ ಕೈಯಿಟ್ಟೆ. ಅಪ್ಪನ ಮರ ಬೆಚ್ಚಗಿತ್ತು. ಒಳಗೆ ಹೋಗಿ ಬಾಗಿಲನ್ನು ಸದ್ದಿಲ್ಲದೆ ಹಾಕಿದೆ.